ಬೆಂಗಳೂರಿನ ನೆರೆ: ಕೆರೆ, ಕೋಡಿ ಮತ್ತು ಕಾಲುವೆಗಳ ಇತಿಹಾಸದಿಂದ ಕೆಲವು ವಿಚಾರಗಳು

ದೊಡ್ಡ ನದಿಯೊಂದರ ದಡದಲ್ಲಿಲ್ಲದ ಊರಿಗೆ ನೆರೆ ಬರುವುದು ಹೇಗೆ? ಕಾವೇರಿಯ ದಡದ ಶ್ರೀರಂಗಪಟ್ಟಣಕ್ಕೋ, ತುಂಗೆಯ ದಡದ ಶಿವಮೊಗ್ಗಕ್ಕೋ ನೆರೆ ಬಂದರೆ ಅದರ ಕಾರಣವನ್ನು ಯಾರೂ ಹುಡುಕಬೇಕಾಗಿಲ್ಲ. ಬೆಂಗಳೂರಿನ ಸ್ಥಿತಿ ಬೇರೆ. ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲೆ ಕಟ್ಟಿದ ನಗರವಿದು. ಇಲ್ಲಿಗೆ ಹೊರಗಿನಿಂದ ಯಾವ ಹೊಳೆಯೂ ಹರಿದು ಬರುವುದಿಲ್ಲ. ಇಲ್ಲಿಂದ ಹೊಳೆಗಳು ಹೊರಡುತ್ತವೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯನ್ನು ಸೇರಿ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದುದು ಹೆಬ್ಬಾಳದ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟದ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆದುದರಿಂದ ಬೆಂಗಳೂರಿನ ನೆರೆ ಎಂದರೆ ಊರಿನ ಮೇಲೆಯೇ ಬಿದ್ದ ನೀರು ಊರಿನಿಂದ ಹೊರಗೆ ಹೋಗಲಾರದೆ ನಿಂತುದು ಎಂದರ್ಥ. ಈ ಸಂಗತಿಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳದಿದ್ದರೆ ಮುಂದಿನ ವಿಚಾರವೆಲ್ಲ ದಾರಿ ತಪ್ಪುತ್ತದೆ.

ಇಂತಹ ನೆಲದಲ್ಲಿ ನೀರು ಸಹಜವಾಗಿ ನಿಲ್ಲುವುದಿಲ್ಲ. ನಿಲ್ಲಿಸಿದವರು ಮನುಷ್ಯರು. ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಒಂದರ ಕೋಡಿಯ ನೀರು ಕೆಳಗಿನದಕ್ಕೆ ಬರುವಂತೆ ಕೆರೆಗಳನ್ನು ಸಾಲಾಗಿ ಕಟ್ಟುವ ಪದ್ಧತಿ ಈ ಪ್ರಾಂತದಲ್ಲಿ ಕೆಂಪೇಗೌಡನಿಗಿಂತ ಬಹಳ ಹಿಂದಿನದು. ಬೆಂಗಳೂರಿನ ಆಗ್ನೇಯಕ್ಕಿರುವ ಅಗರದಲ್ಲಿ ದೊರೆತ ಗಂಗರ ಕಾಲದ, ಒಂಬತ್ತನೆಯ ಶತಮಾನದ ಶಾಸನವೊಂದು ಕೆರೆಗಳಿಗೆ ತೂಬನ್ನಿಡಿಸಿದುದನ್ನೂ ಹೊಸದೊಂದು ಕೆರೆಯನ್ನು ಕಟ್ಟಿಸಿದುದನ್ನೂ ಹೇಳುತ್ತದೆ. ಊರುಗಳ ಹೆಸರುಗಳೂ ಇದಕ್ಕೆ ಸಾಕ್ಷಿ. ಸಿಂಗಸಂದ್ರ, ಬೊಮ್ಮಸಂದ್ರ, ತಿಪ್ಪಸಂದ್ರ, ಅಲ್ಲಾಳಸಂದ್ರ ಮುಂತಾದುವುಗಳಲ್ಲಿ ಬರುವ ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವವೆಂದೂ, ಅದು ದೊಡ್ಡ ಕೆರೆಯನ್ನು ಸೂಚಿಸುತ್ತದೆಯೆಂದೂ ವಿದ್ವಾಂಸರ ಅಭಿಪ್ರಾಯ. ಈ ಹೆಸರಿನ ಬಡಾವಣೆಯಲ್ಲಿ ನಿವೇಶನ ಕೊಂಡು, ಮಳೆಗಾಲದಲ್ಲಿ ಮನೆಯೊಳಗೆ ನೀರು ಬಂದಾಗ ಬೆರಗಾಗುವವರನ್ನು ಕಂಡರೆ ಸ್ಥಳನಾಮಶಾಸ್ತ್ರವನ್ನು ಶಾಲೆಗಳಲ್ಲಿಯೇ ಕಲಿಸಬೇಕಾಗಿತ್ತೆಂದು ತೋರುತ್ತದೆ.

೧೫೩೭ರ ಸುಮಾರಿನಲ್ಲಿ ಕೆಂಪೇಗೌಡನು ಪೇಟೆಯನ್ನು ಕಟ್ಟಿಸಿದ ಮೇಲೆ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು ಊರಿನ ಬಳಕೆಗೂ ತೋಟಗದ್ದೆಗಳಿಗೂ ಒದಗಿದುವು. ಈ ಕೆಲಸ ಒಬ್ಬ ಪಾಳೆಯಗಾರನಿಂದ ಮುಗಿಯಲಿಲ್ಲ. ದಂಡು ಬಂದ ಮೇಲೆಯೂ ಮುಂದುವರಿಯಿತು. ಸ್ಯಾಂಕಿ ಕೆರೆ ೧೮೮೨ರದು. ಆ ಕೆರೆಗೆ ಹೆಸರಿತ್ತ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ೧೮೬೬ರಲ್ಲಿ ಮೈಸೂರು ಸಂಸ್ಥಾನದ ನೀರಾವರಿಯನ್ನು ಕುರಿತು ಬರೆಯುತ್ತ, ಇಲ್ಲಿ ಹೊಸದೊಂದು ಕೆರೆಗೆ ತಕ್ಕ ಸ್ಥಳವನ್ನು ಹುಡುಕುವುದೇ ಕಷ್ಟ ಎಂಬರ್ಥದ ಮಾತನ್ನು ಹೇಳಿದ್ದಾನೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಎಣಿಕೆಯಂತೆ, ಇಂದಿನ ನಗರದ ಎಲ್ಲೆಯೊಳಗೆ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ದೊಡ್ಡವು ಚಿಕ್ಕವು ಸೇರಿ ೧,೪೫೨ ಜಲಾಶಯಗಳಿದ್ದುವು.

ಈಗ ಕೆರೆಯ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಈ ಲೇಖನದ ಮುಖ್ಯ ವಿಷಯ ಅದರಲ್ಲಿಯೇ ಇದೆ. ಕೆರೆಗಳು ನೆರೆಯನ್ನು ತಡೆಯುವುದಕ್ಕಾಗಿ ಕಟ್ಟಿದುವು ಎಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತದೆ. ಇದನ್ನು ಹಾಗೆಯೇ ಒಪ್ಪಲಾಗದು. ಕೆರೆ ಕಟ್ಟಿದುದು ಭತ್ತಕ್ಕಾಗಿ, ತೋಟಕ್ಕಾಗಿ, ಕುಡಿಯುವ ನೀರಿಗಾಗಿ, ದನಕರುಗಳಿಗಾಗಿ. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ದಶವಂದ, ಕೆರೆಗೊಡಗೆ ಎಂಬ ಮಾತುಗಳೆಲ್ಲ ಬೇಸಾಯದ ಮಾತುಗಳು. ಕೆರೆಯನ್ನು ಕಟ್ಟಿಸಿ ಕಾಪಾಡಿದವನಿಗೆ ಅದರ ಅಚ್ಚುಕಟ್ಟಿನಲ್ಲಿ ಭೂಮಿಯನ್ನೋ ಉತ್ಪತ್ತಿಯ ಭಾಗವನ್ನೋ ಬಿಟ್ಟುಕೊಡುತ್ತಿದ್ದುದನ್ನು ಅವು ತಿಳಿಸುತ್ತವೆ. ನೆರೆಯ ತಡೆ ಈ ವ್ಯವಸ್ಥೆಯ ಉಪಫಲ ಮಾತ್ರ. ಆದರೆ ಆ ಉಪಫಲ ದೊರೆಯುತ್ತಿದ್ದುದು ಹೇಗೆಂಬುದು ಗಮನಾರ್ಹವಾಗಿದೆ.

ಮಳೆಗಾಲ ಕಳೆದ ಮೇಲೆ ತೂಬನ್ನು ಎತ್ತಿ ನೀರನ್ನು ಗದ್ದೆಗೆ ಬಿಡುತ್ತಿದ್ದರು. ಬೇಸಗೆಯ ಹೊತ್ತಿಗೆ ಕೆರೆಯ ನೀರು ಇಳಿದು ಅಂಗಳ ಬಯಲಾಗುತ್ತಿತ್ತು. ಬಯಲಾದ ಅಂಗಳದಿಂದ ಗೋಡು ಮಣ್ಣನ್ನು ಗಾಡಿಗಳಲ್ಲಿ ಹೊತ್ತು ಹೊಲಕ್ಕೆ ಹಾಕುತ್ತಿದ್ದರು. ಇದರಿಂದ ಹೊಲಕ್ಕೆ ಗೊಬ್ಬರವಾಯಿತು, ಕೆರೆಯ ಹೂಳೂ ತೆಗೆದಂತಾಯಿತು. ಮುಂದಿನ ಮಳೆ ಬರುವಾಗ ಕೆರೆ ಬರಿದಾಗಿ, ನೀರನ್ನು ಹಿಡಿಯಲು ಸಿದ್ಧವಾಗಿರುತ್ತಿತ್ತು. ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಜೋರು ಮಳೆಯಾದರೂ ಅದರ ಬಹುಭಾಗ ಮೇಲಿನ ಕುಂಟೆ ಕಟ್ಟೆಗಳಲ್ಲಿ ತಂಗಿ, ಕೋಡಿಯಿಂದ ಕೋಡಿಗೆ ನಿಧಾನವಾಗಿ ಇಳಿಯುತ್ತಿತ್ತು. ತೂಬನ್ನು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿ ಇದ್ದನು. ಏರಿಯ ಮೇಲೆ ಬೆಳೆದ ಗಿಡದ ಬೇರು, ಹೆಗ್ಗಣದ ಬಿಲ, ಕೋಡಿಯ ಕಲ್ಲು ಜರುಗಿದುದು ಇವೆಲ್ಲ ಅವನ ಕಣ್ಣಿಗೆ ಬೀಳಬೇಕಾಗಿತ್ತು. ಇದು ಸತ್ಯಯುಗದ ಚಿತ್ರವೆಂದು ಭಾವಿಸಬಾರದು. ಏರಿಗೆ ಮಣ್ಣು ಹೊತ್ತವರು ಮಣ್ಣು ವಡ್ಡರು. ನೀರುಗಂಟಿಯ ಕೆಲಸ ಅನೇಕ ಹಳ್ಳಿಗಳಲ್ಲಿ ದಲಿತ ಕುಟುಂಬಗಳ ಪಾಲಿನದು. ಅಚ್ಚುಕಟ್ಟಿನ ಗದ್ದೆ ಮಾತ್ರ ಬಹುಮಟ್ಟಿಗೆ ಬೇರೆಯವರದು. ‘ಕೆರೆಗೆ ಹಾರ’ದ ಭಾಗೀರಥಿಯ ಕಥೆಯನ್ನು ಬಲ್ಲ ನಾಡಿಗೆ ಕೆರೆಯ ಹಿಂದಿನ ಕ್ರೌರ್ಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅಂತೂ ಕೆರೆಯಲ್ಲಿ ಊರಿನ ಹೊಟ್ಟೆಪಾಡು ಇತ್ತು. ಇದ್ದುದರಿಂದ ಅದರ ಮೇಲೆ ಊರಿನ ಕಣ್ಣೂ ಇತ್ತು.

ಕಣ್ಣು ತಪ್ಪಿದಲ್ಲಿ ಇದೇ ಕೆರೆಗಳು ಎಂತಹ ಅನರ್ಥವನ್ನು ತರಬಲ್ಲವೆಂಬುದಕ್ಕೆ ನೆರೆಯ ಹೈದರಾಬಾದಿನ ಇತಿಹಾಸವನ್ನು ನೋಡಬಹುದು. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ಸುಮಾರು ಹದಿನೈದು ಸಾವಿರ ಜನ ಸತ್ತರೆಂದು ಅಂದಾಜು. ಅದರ ಮರುವರ್ಷ ನಿಜಾಮ ಸರ್ಕಾರದ ಕರೆಯ ಮೇಲೆ ಅಲ್ಲಿಗೆ ಹೋದ ಎಂ. ವಿಶ್ವೇಶ್ವರಯ್ಯನವರು, ಮೇಲಿನ ಜಲಾನಯನ ಪ್ರದೇಶದಲ್ಲಿದ್ದ ನೂರಾರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಆ ಮಳೆಯಲ್ಲಿ ಒಡೆದುವೆಂಬುದನ್ನು ಕಂಡುಕೊಂಡರು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಒಮ್ಮೆಲೆ ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆಯುತ್ತದೆ. ಸಾಲಿನ ಗುಣವೂ ಅದರ ದೋಷವೂ ಒಂದೇ ಕಡೆ ಇವೆ. ವಿಶ್ವೇಶ್ವರಯ್ಯನವರು ಸೂಚಿಸಿದ ಪರಿಹಾರ, ಊರಿನ ಮೇಲ್ಗಡೆ ನೆರೆಯ ನೀರನ್ನು ಹಿಡಿಯಲು ಅವಕಾಶವಿರುವ ದೊಡ್ಡ ಜಲಾಶಯಗಳು. ಉಸ್ಮಾನ್ ಸಾಗರ (೧೯೨೦) ಮತ್ತು ಹಿಮಾಯತ್ ಸಾಗರ (೧೯೨೭) ಅದರ ಫಲವಾಗಿ ಆದುವು. ಜಲಾಶಯದಲ್ಲಿ ಒಂದಷ್ಟು ಭಾಗ ಖಾಲಿಯಾಗಿರಬೇಕು ಎಂಬ ತತ್ತ್ವವನ್ನು ಇಲ್ಲಿ ನೆನಪಿಟ್ಟುಕೊಳ್ಳೋಣ. ಬೆಂಗಳೂರಿಗೆ ಹಿಂದಿರುಗಿದಾಗ ಬೇಕಾಗುತ್ತದೆ.

ಬೆಂಗಳೂರಿನಲ್ಲಿ ಕೆರೆಯ ಮೇಲಿನ ಕಣ್ಣು ತಪ್ಪಿದ ಕಾಲವನ್ನು ಸಾಕಷ್ಟು ಖಚಿತವಾಗಿ ಗುರುತಿಸಬಹುದು. ಹೆಸರಘಟ್ಟದಿಂದ ಕೊಳವೆಯ ನೀರು ಊರಿಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ೧೯೩೩ರಲ್ಲಿ, ಕಾವೇರಿಯ ನೀರು ೧೯೭೪ರಲ್ಲಿ ಬಂದುವು. ದೂರದ ನೀರು ನಲ್ಲಿಯಲ್ಲಿ ಬಂದಂತೆಲ್ಲ ಹತ್ತಿರದ ನೀರು ಬೇಡವಾಯಿತು. ೧೮೯೮ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಎದ್ದುವು. ಮಲೇರಿಯಾದ ಭೀತಿಯಿಂದ ನಿಂತ ನೀರೆಂದರೆ ರೋಗವೆಂಬ ಭಾವನೆ ಬಲವಾಯಿತು. ಅದು ಆ ಕಾಲಕ್ಕೆ ಕೇವಲ ಮೌಢ್ಯವೂ ಆಗಿರಲಿಲ್ಲ. ಅಚ್ಚುಕಟ್ಟು ನಿವೇಶನಗಳಾದ ಮೇಲೆ ತೂಬನ್ನು ಎತ್ತುವ ಕಾರಣ ಹೋಯಿತು, ನೀರುಗಂಟಿ ಹೋದನು.

ಕೆರೆಗಳು ಏನಾದುವೆಂಬ ಪಟ್ಟಿ ಬೆಂಗಳೂರಿನವರಿಗೆ ಬಾಯಿಪಾಠವಾಗಿದೆ. ಸಿದ್ದಿಕಟ್ಟೆಯಲ್ಲಿ ೧೯೨೮ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ಧರ್ಮಾಂಬುಧಿ ಮೊದಲು ಮೈದಾನವಾಗಿ ಆಮೇಲೆ ಬಸ್ ನಿಲ್ದಾಣವಾಯಿತು. ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್ ಮೈದಾನ, ಅಕ್ಕಿತಿಮ್ಮನಹಳ್ಳಿಯಲ್ಲಿ ಹಾಕಿ ಕ್ರೀಡಾಂಗಣ, ಶೂಲೆಯ ಕೆರೆಯಲ್ಲಿ ಫುಟ್ಬಾಲ್ ಕ್ರೀಡಾಂಗಣ, ಕೋರಮಂಗಲದ ಕೆರೆಯಲ್ಲಿ ೧೯೯೭ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಕಟ್ಟಿದ ವಸತಿಗಳು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಆದರೆ ಕರಗದ ಶಾಸ್ತ್ರಕ್ಕೆ ಸಂಪಂಗಿಯ ನೀರೇ ಬೇಕಾದುದರಿಂದ ಒಂದು ಮೂಲೆಯಲ್ಲಿ ಸಣ್ಣ ಕೊಳ ಉಳಿದುಕೊಂಡಿದೆ. ಅಷ್ಟು ದೊಡ್ಡ ಕೆರೆಯಲ್ಲಿ ಬೇಸಾಯಕ್ಕೆ ಉಳಿಯದ ನೀರು ಹಬ್ಬಕ್ಕೆ ಉಳಿಯಿತು. ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಪಾಠವಿಲ್ಲದೆ ಇಲ್ಲ: ಯಾವ ನೀರಿಗೆ ಒಂದು ಜನಸಮುದಾಯದ ನಿತ್ಯನೈಮಿತ್ತಿಕಗಳ ಹಂಗು ಇದೆಯೋ ಅದು ಬದುಕುತ್ತದೆ. ೧೯೮೫ರಲ್ಲಿ ಸರ್ಕಾರ ನೇಮಿಸಿದ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯ ಸಮಿತಿ ಉಳಿದ ಕೆರೆಗಳನ್ನು ಒಡೆಯಕೂಡದೆಂದು ಸಲಹೆ ಮಾಡಿತು. ಸಲಹೆ ಒಪ್ಪಿಗೆಯಾಯಿತು, ಕೆರೆಗಳು ಕುಗ್ಗುವುದು ಮಾತ್ರ ನಿಲ್ಲಲಿಲ್ಲ.

ಈ ಹಿನ್ನೆಲೆಯಲ್ಲಿ ಮಳೆಯ ಲೆಕ್ಕವನ್ನು ನೋಡಬೇಕು. ಪ್ರತಿ ನೆರೆಯ ಮರುದಿನ, ಹಿಂದೆಂದೂ ಬಾರದ ಮಳೆ ಬಂತೆಂಬ ಸಮಾಧಾನ ಹೇಳುವುದು ರೂಢಿಯಾಗಿದೆ. ೨೦೨೨ರ ಸೆಪ್ಟೆಂಬರ್ ೪–೫ರ ರಾತ್ರಿ ನಗರದಲ್ಲಿ ಬಿದ್ದ ಮಳೆ ೧೩೧.೬ ಮಿಲಿಮೀಟರು. ಆದರೆ ಹವಾಮಾನ ಇಲಾಖೆಯ ದಾಖಲೆಯಂತೆ ೧೮೯೦ರ ಆಗಸ್ಟ್ ೨೭ರಂದು ೧೬೨.೧, ೧೯೮೮ರ ಸೆಪ್ಟೆಂಬರ್ ೧೨ರಂದು ೧೭೭.೬, ೧೯೯೭ರ ಅಕ್ಟೋಬರ್ ೧ರಂದು ೧೭೮.೯ ಮಿಲಿಮೀಟರು ಬಿದ್ದಿವೆ. ಒಂದು ದಿನದ ಮಳೆಯ ದೃಷ್ಟಿಯಿಂದ ನೋಡಿದರೆ ೨೦೨೨ರದು ಅಸಾಧಾರಣವಲ್ಲ. ಆದರೆ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುವುದು ನ್ಯಾಯವಲ್ಲ. ಆ ವರ್ಷದ ಒಟ್ಟು ಮಳೆ ಸುಮಾರು ೧,೯೫೭ ಮಿಲಿಮೀಟರು, ಎಂದರೆ ವಾಡಿಕೆಯ ಸುಮಾರು ಎರಡರಷ್ಟು. ಸೆಪ್ಟೆಂಬರಿನ ಹೊತ್ತಿಗೆ ನೆಲ ನೆನೆದು ಕೆರೆಗಳು ತುಂಬಿದ್ದುವು. ೨೦೦೫ರ ಅಕ್ಟೋಬರಿನಲ್ಲಿಯೂ ಹೀಗೆಯೇ ಒಂದು ತಿಂಗಳಿಗೆ ೬೦೫.೬ ಮಿಲಿಮೀಟರು ಬಿದ್ದು, ದಕ್ಷಿಣದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತುವು. ಮಳೆಯ ರೀತಿ ಬದಲಾಗುತ್ತಿರಬಹುದು. ನೆಲದ ರೀತಿ ಬದಲಾದುದರಲ್ಲಿ ಮಾತ್ರ ಸಂದೇಹವಿಲ್ಲ.

ಸರಳವಾದ ಗಣಿತವೊಂದನ್ನು ಮಾಡಬಹುದು. ನೂರು ಮಿಲಿಮೀಟರು ಮಳೆ ಒಂದು ಚದರ ಕಿಲೋಮೀಟರು ನೆಲದ ಮೇಲೆ ಬಿದ್ದರೆ ಅದು ಹತ್ತು ಕೋಟಿ ಲೀಟರು ನೀರು. ನೆಲ ಹೊಲವೋ ತೋಪೋ ಆಗಿದ್ದರೆ ಅದರ ಒಂದು ದೊಡ್ಡ ಪಾಲು ಅಲ್ಲಿಯೇ ಇಂಗುತ್ತದೆ, ಉಳಿದುದು ತಡವಾಗಿ ಹರಿಯುತ್ತದೆ. ತಾರಸಿ, ಡಾಂಬರು, ಕಾಂಕ್ರೀಟುಗಳಾಗಿದ್ದರೆ ಬಹುತೇಕ ಎಲ್ಲವೂ ಕೆಲವೇ ನಿಮಿಷಗಳಲ್ಲಿ ಕಾಲುವೆಗೆ ಬರುತ್ತದೆ. ೧೯೭೩ರಲ್ಲಿ ಈ ಪ್ರದೇಶದ ನೂರಕ್ಕೆ ಸುಮಾರು ಎಂಟು ಪಾಲನ್ನು ಮಾತ್ರ ಕಟ್ಟಡಗಳು ಆವರಿಸಿದ್ದುವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ತಿಳಿಸುತ್ತವೆ. ೨೦೧೨ರ ಹೊತ್ತಿಗೆ ಅದು ಅರ್ಧವನ್ನು ಮೀರಿತ್ತು. ನೀರು ಹೀಗೆ ಹೆಚ್ಚಿದಾಗ ದಾರಿಯೂ ಹೆಚ್ಚಬೇಕಾಗಿತ್ತು. ಆದುದು ವಿಪರೀತ. ಭಾರತದ ಮಹಾಲೇಖಪಾಲರು ೨೦೨೧ರಲ್ಲಿ ಪ್ರಕಟಿಸಿದ ವರದಿಯಂತೆ, ಕೋರಮಂಗಲ ಕಣಿವೆಯಲ್ಲಿ ಹಿಂದೆ ೧೧೩ ಕಿಲೋಮೀಟರು ಉದ್ದವಿದ್ದ ಕಾಲುವೆಗಳು ಸುಮಾರು ೬೩ಕ್ಕೂ, ವೃಷಭಾವತಿ ಕಣಿವೆಯಲ್ಲಿ ೨೨೬ ಕಿಲೋಮೀಟರು ಇದ್ದುವು ಸುಮಾರು ೧೧೨ಕ್ಕೂ ಇಳಿದಿವೆ. ರಾಜಕಾಲುವೆ ಎಂಬ ಹೆಸರು ಉಳಿದು ಕಾಲುವೆ ಕಳೆಯಿತು.

೨೦೨೨ರಲ್ಲಿ ಮುಳುಗಿದ ಸ್ಥಳಗಳನ್ನು ಹಳೆಯ ಭೂಪಟದ ಮೇಲೆ ಇಟ್ಟು ನೋಡಿದರೆ ಹೆಚ್ಚು ವ್ಯಾಖ್ಯಾನ ಬೇಕಾಗುವುದಿಲ್ಲ. ಸರ್ಜಾಪುರದ ರಸ್ತೆ, ಬೆಳ್ಳಂದೂರು, ಯಮಲೂರುಗಳ ಸುತ್ತ ನೀರು ನಿಂತುದು ಮೇಲಿನ ಕೆರೆಗಳ ಕೋಡಿಯ ನೀರು ಕೆಳಗಿನ ಕೆರೆಗೆ ಹೋಗುವ ತಗ್ಗಿನಲ್ಲಿ. ಸಿರಿವಂತರ ಬಡಾವಣೆಗಳಿಂದ ಜನರನ್ನು ಟ್ರಾಕ್ಟರುಗಳಲ್ಲಿ ಹೊರಕ್ಕೆ ತರಬೇಕಾಯಿತು. ಅದು ವೃತ್ತಪತ್ರಿಕೆಗಳಿಗೆ ವಿನೋದದ ಸುದ್ದಿಯಾಯಿತು. ಅದೇ ಮಳೆಯಲ್ಲಿ ತೊರೆಕಾಡನಹಳ್ಳಿಯ ಯಂತ್ರಾಗಾರಕ್ಕೆ ನೀರು ನುಗ್ಗಿ ಊರಿಗೆ ಕಾವೇರಿಯ ನೀರು ನಿಂತುಹೋಯಿತು. ಮನೆಯೊಳಗೆ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಹನಿಯಿಲ್ಲ. ಎರಡೇ ವರ್ಷದೊಳಗೆ, ೨೦೨೪ರ ಬೇಸಗೆಯಲ್ಲಿ, ಕೊಳವೆ ಬಾವಿಗಳು ಬತ್ತಿ ಜನ ಟ್ಯಾಂಕರಿಗಾಗಿ ಕಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಯಲಹಂಕದಲ್ಲಿಯೂ, ೨೦೨೫ರ ಮೇ ತಿಂಗಳಲ್ಲಿ ಹೊರಮಾವಿನ ಕಡೆಯೂ ಮತ್ತೆ ನೆರೆ. ಬರವೂ ನೆರೆಯೂ ಇಲ್ಲಿ ಒಂದೇ ರೋಗದ ಎರಡು ಲಕ್ಷಣಗಳೆಂಬುದು ಸ್ಪಷ್ಟ.

ಹಾಗಾದರೆ ಪ್ರಕೃತಿಗೆ ಅನುಗುಣವಾದ ಉಪಾಯಗಳೇನು? ೨೦೦೫ರ ನೆರೆಯ ತರುವಾಯ ಕೈಗೊಂಡ ಮುಖ್ಯ ಕೆಲಸ ಕಾಲುವೆಗಳಿಗೆ ಕಾಂಕ್ರೀಟಿನ ಗೋಡೆ ಮತ್ತು ತಳಗಳನ್ನು ಹಾಕಿದುದು. ಕಾಲುವೆ ಅತಿಕ್ರಮಣದಿಂದ ಇಕ್ಕಟ್ಟಾದ ಕಡೆ ಗೋಡೆಯ ಅವಶ್ಯಕತೆ ಇರಬಹುದು. ಆದರೆ ನೀರನ್ನು ಬೇಗ ಸಾಗಿಸುವುದೆಂದರೆ ಮೇಲಿನವರ ಕಷ್ಟವನ್ನು ಕೆಳಗಿನವರಿಗೆ ಬೇಗ ಕಳುಹಿಸುವುದೆಂದೇ ಅರ್ಥ. ಹುಲ್ಲು ಜೊಂಡುಗಳಿದ್ದ ಮಣ್ಣಿನ ಹಳ್ಳ ನೀರನ್ನು ತಡೆದು ತಡೆದು ಬಿಡುತ್ತಿತ್ತು, ಒಂದಷ್ಟನ್ನು ಕುಡಿಯುತ್ತಿತ್ತು. ಆದುದರಿಂದ ಉಪಾಯ ಮೇಲಿನಿಂದ ಆರಂಭವಾಗಬೇಕು. ಮೂವತ್ತು–ನಲವತ್ತಡಿಯ ಒಂದು ನಿವೇಶನದ ಮೇಲೆ ನೂರು ಮಿಲಿಮೀಟರು ಮಳೆ ಬಿದ್ದರೆ ಅದು ಹನ್ನೊಂದು ಸಾವಿರ ಲೀಟರು. ಅದನ್ನು ತೊಟ್ಟಿಯಲ್ಲಿ ಹಿಡಿದರೆ ಅಥವಾ ಇಂಗುಬಾವಿಗೆ ಬಿಟ್ಟರೆ ರಸ್ತೆಗೆ ಬರುವುದು ಅಷ್ಟು ಕಡಿಮೆ. ೨೦೦೯ರ ಕಾನೂನು ಮಳೆನೀರಿನ ಸಂಗ್ರಹವನ್ನು ಕಡ್ಡಾಯ ಮಾಡಿದೆ. ಈಚೆಗೆ ಇಂಗುಬಾವಿಗಳನ್ನು ತೋಡುತ್ತಿರುವವರು ಅದೇ ಮಣ್ಣು ವಡ್ಡರ ಸಮುದಾಯದವರೆಂಬುದನ್ನು ಇಲ್ಲಿ ಹೇಳದಿರಲಾರೆ. ಕಬ್ಬನ್ ಉದ್ಯಾನದ ಹಳೆಯ ಬಾವಿಗಳಿಗೆ ನೀರು ಮರಳಿ ಬಂದುದು ಅವರ ಕೈಯಿಂದ. ಇದಕ್ಕೆ ಮಿತಿಯಿದೆ: ಕೆಂಪು ಮಣ್ಣಿನ ಕೆಳಗೆ ಗಟ್ಟಿಯಾದ ಕಲ್ಲಿರುವುದರಿಂದ ವಾರಗಟ್ಟಲೆ ಮಳೆ ಹಿಡಿದಾಗ ನೆಲ ಹೆಚ್ಚು ಕುಡಿಯಲಾರದು. ಆಗ ಕೆರೆಯೇ ಬೇಕು.

ಕೆರೆಯ ಜೀರ್ಣೋದ್ಧಾರ ಈಗ ಜನಪ್ರಿಯವಾಗಿದೆ; ಕೈಕೊಂಡ್ರಹಳ್ಳಿಯಂತಹ ಕಡೆ ನೆರೆಹೊರೆಯವರೇ ಮುಂದೆ ಬಂದು ಕೆರೆಯನ್ನು ಉಳಿಸಿಕೊಂಡಿದ್ದಾರೆ. ಜಕ್ಕೂರಿನಲ್ಲಿ ಶುದ್ಧೀಕರಿಸಿದ ಚರಂಡಿಯ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡು ಇದೆ. ನೀರು ತಿಳಿಯಾಗುತ್ತದೆ, ಸುತ್ತಲಿನ ಅಂತರ್ಜಲಕ್ಕೂ ಒದಗುತ್ತದೆ. ಆದರೆ ನೆರೆಯ ದೃಷ್ಟಿಯಿಂದ ಒಂದು ಆಕ್ಷೇಪವನ್ನು ಎತ್ತಬೇಕಾಗಿದೆ. ಇಂದಿನ ಕೆರೆಗಳಲ್ಲಿ ಬಹಳವುಗಳು ವರ್ಷವೆಲ್ಲ ತುಂಬಿರುತ್ತವೆ, ಕೆಲವು ಶುದ್ಧ ನೀರಿನಿಂದ, ಹೆಚ್ಚಿನವು ಕೊಳಚೆಯಿಂದ. ವಾಯುವಿಹಾರಕ್ಕೆ ಬರುವವರಿಗೂ ಹಕ್ಕಿಗಳನ್ನು ನೋಡುವವರಿಗೂ ತುಂಬಿದ ಕೆರೆಯೇ ಇಷ್ಟ. ಲೇಖಕನೂ ಆ ಗುಂಪಿಗೆ ಸೇರಿದವನೇ. ಆದರೆ ಜೂನಿನಲ್ಲಿಯೇ ಕೋಡಿಯ ಮಟ್ಟಕ್ಕೆ ತುಂಬಿರುವ ಕೆರೆ ಸೆಪ್ಟೆಂಬರಿನ ಮಳೆಗೆ ಒಂದು ಕೊಡದಷ್ಟೂ ಜಾಗ ಕೊಡಲಾರದು. ಹಳೆಯ ಕೆರೆ ನೆರೆಯನ್ನು ತಡೆದುದು ಅದು ಕೆರೆಯಾಗಿದ್ದುದರಿಂದಲ್ಲ, ಬೇಸಗೆಯಲ್ಲಿ ಬರಿದಾಗುತ್ತಿದ್ದುದರಿಂದ. ಹೈದರಾಬಾದಿನಲ್ಲಿ ವಿಶ್ವೇಶ್ವರಯ್ಯನವರು ಲೆಕ್ಕ ಹಾಕಿ ಇರಿಸಿದ ಖಾಲಿ ಜಾಗವನ್ನು ಇಲ್ಲಿ ರೈತನ ಭತ್ತ ತಾನಾಗಿ ಉಂಟುಮಾಡುತ್ತಿತ್ತು. ಭತ್ತವಿಲ್ಲದ ಕಾಲದಲ್ಲಿ ಆ ಕೆಲಸವನ್ನು ತೂಬಿನ ಬಾಗಿಲು ಮಾಡಬೇಕು, ಬಾಗಿಲನ್ನು ಎತ್ತಲು ಒಬ್ಬ ಮನುಷ್ಯ ಬೇಕು. ಕೆರೆಗಳಿಗೆ ತೂಬಿನ ಬಾಗಿಲುಗಳನ್ನು ಇಡುವ ಆಲೋಚನೆ ಆಡಳಿತದಲ್ಲಿ ಈಚೆಗೆ ಕಾಣಿಸಿಕೊಂಡಿರುವುದು ಸಂತೋಷದ ಸಂಗತಿ. ಮೇಲಿನ ಕೆರೆಯ ಬಾಗಿಲನ್ನು ಎತ್ತುವವನಿಗೆ ಕೆಳಗಿನ ಕೆರೆಯ ಮಟ್ಟ ತಿಳಿದಿರದಿದ್ದರೆ ಅದರಿಂದ ಕೇಡೇ ಹೆಚ್ಚು.

ಮೂರನೆಯದು ಕಾಲುವೆಯ ಮಗ್ಗುಲಿನ ನೆಲ. ೨೦೧೬ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ ೭೫ ಮೀಟರು, ರಾಜಕಾಲುವೆಗಳ ಮಗ್ಗುಲಲ್ಲಿ ದರ್ಜೆಗೆ ತಕ್ಕಂತೆ ೫೦, ೩೫, ೨೫ ಮೀಟರು ನೆಲವನ್ನು ಬಿಡಬೇಕೆಂದು ಆಜ್ಞೆ ಮಾಡಿತು. ೨೦೧೯ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ನಗರಯೋಜನೆ ನಿಗದಿಮಾಡಿದುದಕ್ಕಿಂತ ಹೆಚ್ಚಿನ ಅಂತರವನ್ನು ವಿಧಿಸಲು ಮಂಡಳಿಗೆ ಅಧಿಕಾರವಿಲ್ಲವೆಂದು ಅದನ್ನು ರದ್ದುಪಡಿಸಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿದಿರಬಹುದು. ನೀರು ಮೀಟರುಗಳನ್ನು ಎಣಿಸುವುದಿಲ್ಲ. ಒಂದೊಂದು ಕಣಿವೆಯ ಇಳಿಜಾರಿಗೆ ತಕ್ಕಂತೆ ಅದು ಹರಡುತ್ತದೆ. ಎಲ್ಲೆಡೆಗೂ ಒಂದೇ ಅಳತೆಯನ್ನು ಹಾಕುವ ಬದಲು ಪ್ರತಿಯೊಂದು ಕಣಿವೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಅಳೆದು ಅಷ್ಟನ್ನು ಬಿಡುವುದು ಹೆಚ್ಚು ಯುಕ್ತ. ಅತಿಕ್ರಮಣವನ್ನು ತೆರವು ಮಾಡುವಾಗ ಕಾಲುವೆಯಂಚಿನ ಸಣ್ಣ ಮನೆಗಳು ಮೊದಲು ಬೀಳುವುದನ್ನೂ, ದೊಡ್ಡ ಕಟ್ಟಡಗಳ ಪ್ರಕರಣಗಳು ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯುವುದನ್ನೂ ನಾವು ಕಂಡಿದ್ದೇವೆ. ನಿವೇಶನಕ್ಕೆ ನಕ್ಷೆ ಮಂಜೂರು ಮಾಡಿದ ಕೈಯನ್ನು ಕೇಳುವವರು ವಿರಳ.

ಇಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಮಾಡಬೇಕಾದ ಕೆಲಸವೊಂದಿದೆ. ಹಳ್ಳಿಯ ಹಳೆಯ ನಕ್ಷೆಗಳಲ್ಲಿ ಕೆರೆ, ಕುಂಟೆ, ಹಳ್ಳ, ಗೋಮಾಳ, ಗುಂಡುತೋಪುಗಳನ್ನು ಸರ್ವೆ ನಂಬರಿನೊಡನೆ ಗುರುತಿಸಿದೆ. ಬೆಂಗಳೂರಿನೊಳಗೆ ಸೇರಿಹೋದ ಹಳ್ಳಿಗಳಲ್ಲಿ, ಒಂದು ಕಾಲದಲ್ಲಿ ತೂಬನ್ನು ಎತ್ತುತ್ತಿದ್ದವರ ಮಕ್ಕಳು ಇನ್ನೂ ಇದ್ದಾರೆ. ಯಾವ ಮಳೆಗೆ ಯಾವ ಕೋಡಿ ಬೀಳುತ್ತಿತ್ತು, ನೀರು ಯಾವ ಓಣಿಯಲ್ಲಿ ಇಳಿಯುತ್ತಿತ್ತು ಎಂಬುದನ್ನು ಅವರು ಹೇಳಬಲ್ಲರು. ಒಂದೊಂದು ತರಗತಿ ಒಂದೊಂದು ಕಣಿವೆಯನ್ನು ಹಿಡಿದು, ಕೋಡಿಯ ಕಲ್ಲುಗಳ ಮಟ್ಟವನ್ನು ಅಳೆದು, ಈ ನೆನಪುಗಳನ್ನು ನಕ್ಷೆಯೊಡನೆ ಹೋಲಿಸಿ ಬರೆದಿಡಬಹುದು. ಅವರಲ್ಲಿ ಬಹುಮಂದಿ ವೃದ್ಧರು. ಈ ಕೆಲಸವನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಆರಂಭಿಸುವುದು ಒಳ್ಳೆಯದು.